ಹಾಸಿಗೆ ಐವತ್ತಾಯಿತು, ವಿಳಾಸ ಮಾತ್ರ ‘ಬಸ್ ಸ್ಟ್ಯಾಂಡ್ ಹತ್ತಿರ’

ಓಪಿ ಚೀಟಿಯಲ್ಲಿ ಮೂರೇ ಖಾನೆ ಇದ್ದವು: ಹೆಸರು, ವಯಸ್ಸು, ಊರು. ಇಪ್ಪತ್ತು ಹಾಸಿಗೆಯ ಟ್ರಸ್ಟ್ ಆಸ್ಪತ್ರೆಗೆ ಅಷ್ಟು ಸಾಕಾಗಿತ್ತು. ಬರುವವರೆಲ್ಲ ಹೆಚ್ಚುಕಡಿಮೆ ಗುರುತಿನವರೇ. ಊರಿನ ಖಾನೆಯಲ್ಲಿ ‘ಬಸ್ ಸ್ಟ್ಯಾಂಡ್ ಹತ್ತಿರ’ ಎಂದು ಗೀಚಿದ್ದರೂ ಯಾರ ಮನೆಯವರು ಎಂಬುದು ಸಿಸ್ಟರ್‌ಗಳಿಗೆ ಗೊತ್ತಿರುತ್ತಿತ್ತು. ಹಾಸಿಗೆ ಐವತ್ತಾಗಿ, ಪಕ್ಕದ ತಾಲ್ಲೂಕಿನಿಂದಲೂ ಜನ ಬರತೊಡಗಿದ ಮೇಲೆ, ಡೆಂಗ್ಯೂ ಶಂಕಿತರ ಮೊದಲ ಪಟ್ಟಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಕಳಿಸಿದೆವು. ಎರಡು ದಿನ ಬಿಟ್ಟು ಪಟ್ಟಿ ವಾಪಸು ಬಂತು. ಸಾಲು ಸಾಲಿಗೂ ಕೆಂಪು ಪೆನ್ನಿನಲ್ಲಿ ‘ಮನೆ ಸಿಗಲಿಲ್ಲ’ ಎಂದು ಬರೆದಿತ್ತು. ಆಸ್ಪತ್ರೆ ದೊಡ್ಡದು ಮಾಡಲು ಬೇಕಾದ ಕಾಗದಗಳನ್ನೆಲ್ಲ ವರ್ಷವಿಡೀ ಓಡಾಡಿ ಒಟ್ಟುಮಾಡಿದ್ದೆವು. ಆ ಒಂದು ಖಾನೆಯನ್ನು ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ.

ಕಾಗದಗಳ ವಿಷಯ ಮೊದಲು ಮುಗಿಸಿಬಿಡೋಣ. ಕರ್ನಾಟಕದಲ್ಲಿ ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಬೇಕು. ಹಾಸಿಗೆ ಹೆಚ್ಚಿದರೆ ಹಳೆಯ ಪ್ರಮಾಣಪತ್ರದ ಮೇಲೆ ನಡೆಸಿಕೊಂಡು ಹೋಗುವಂತಿಲ್ಲ. ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಇಲ್ಲೊಂದು ಸೂಕ್ಷ್ಮವಿದೆ. ಮುಂದೆ ಯಾವ ಇಲಾಖೆಯ ಜೊತೆ ಕೈಜೋಡಿಸಿ ಕೆಲಸ ಮಾಡಬೇಕೋ, ಈಗ ತಪಾಸಣೆಗೆ ಬರುವುದೂ ಅದೇ ಇಲಾಖೆ. ಪರವಾನಗಿ ಕೈಗೆ ಬರುವವರೆಗೆ ಆಡಳಿತದವರು ರೋಗದ ಅಂಕಿಅಂಶ ಕೊಡಲು ಹಿಂಜರಿಯುತ್ತಾರೆ. ‘ಡೆಂಗ್ಯೂ ಜಾಸ್ತಿ ತೋರಿಸಿದರೆ ನಮ್ಮ ಮೇಲೇ ಬರ್ತಾರೆ’ ಎಂಬ ಮಾತು ಎಲ್ಲ ಆಸ್ಪತ್ರೆಗಳ ಆಫೀಸು ಕೋಣೆಯಲ್ಲೂ ಕೇಳಿಬರುವಂಥದ್ದು. ಪರವಾನಗಿಯ ಫೈಲು ಒಬ್ಬರ ಕೈಯಲ್ಲಿ, ರೋಗ ವರದಿಯ ಫೈಲು ಇನ್ನೊಬ್ಬರ ಕೈಯಲ್ಲಿ ಎಂದು ಬೇರೆ ಮಾಡಿದ ಮೇಲೆ ಆ ಭಯ ಅರ್ಧ ಇಳಿಯಿತು.

ಇನ್ನೊಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ತ್ಯಾಜ್ಯ ನಿರ್ವಹಣಾ ಸಮಿತಿ ಇರಲೇಬೇಕು. ವಾರ್ಷಿಕ ವರದಿ ಜೂನ್ 30ರೊಳಗೆ ಹೋಗಬೇಕು. ಹಾಸಿಗೆ ಇಮ್ಮಡಿಸಿದಾಗ ಎಡವುವುದು ಬಣ್ಣದ ಚೀಲಗಳಲ್ಲಲ್ಲ, ಅವನ್ನು ಇಡುವ ಕೋಣೆಯಲ್ಲಿ. ಇಪ್ಪತ್ತು ಹಾಸಿಗೆಯ ಕಾಲದ ಕೋಣೆಯಲ್ಲಿ ಹಳದಿ ಚೀಲ ಬಾಗಿಲವರೆಗೆ ತುಂಬಿ, ಒಂದು ದಿನ ಗಾಡಿ ತಪ್ಪಿದರೆ ಕಾರಿಡಾರಿಗೆ ಬರುತ್ತದೆ. ನಾಯಿ ಎಳೆದುಕೊಂಡು ಹೋದರೆ ಮುಗಿಯಿತು. ಹಾಸಿಗೆಯ ಲೆಕ್ಕ ಹಾಕುವ ದಿನವೇ ಈ ಕೋಣೆಯ ಅಳತೆಯನ್ನೂ ನಕ್ಷೆಗೆ ಸೇರಿಸಬೇಕು.

ನೀರಿನ ಲೆಕ್ಕ ಸುಲಭ. ನೂರು ಹಾಸಿಗೆಯವರೆಗಿನ ಆಸ್ಪತ್ರೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಹಾಸಿಗೆಗೆ ದಿನಕ್ಕೆ 340 ಲೀಟರ್. ಐವತ್ತಕ್ಕೆ 17,000 ಲೀಟರ್. ಸಂಪಿನಲ್ಲಿ ಎರಡು ದಿನದ್ದು ಇರಬೇಕೆಂದರೆ 34,000. ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಸಿಗಬೇಕು. ಅಳೆಯಬೇಕಾದ್ದು ತುದಿಯಲ್ಲಿ. ಸಂಪಿನಲ್ಲಿ ಅಳೆದು ರಿಜಿಸ್ಟರಿಗೆ ಬರೆದರೆ ಮೂರನೇ ಮಹಡಿಯ ವಾರ್ಡಿನ ನಲ್ಲಿಯಲ್ಲಿ ಸೊನ್ನೆ ಬರುವುದು ಗೊತ್ತೇ ಆಗುವುದಿಲ್ಲ.

ಆಮ್ಲಜನಕದ್ದೂ ಹೀಗೇ ಬಾಯಿಲೆಕ್ಕ. ಡಿ ಟೈಪಿನ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರ್ ಎಳೆಯುವ ಒಬ್ಬ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬಂದೀತು, ನಾಲ್ವರಿಗೆ ಮೂರು ಗಂಟೆಯೂ ಇಲ್ಲ. ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡಿನಲ್ಲಿ ಎರಡು ಸಾಲು ಇರುವುದು ಒಂದು ಖಾಲಿಯಾದಾಗ ಇನ್ನೊಂದಕ್ಕೆ ತಿರುಗಲು. ಎರಡನೇ ಸಾಲನ್ನು ‘ಸ್ಟಾಕ್’ ಎಂದುಕೊಂಡು ಅದರಿಂದ ಆಂಬ್ಯುಲೆನ್ಸಿಗೆ ಸಿಲಿಂಡರ್ ಬಿಚ್ಚಿಕೊಡುವ ಅಭ್ಯಾಸ ರಾತ್ರಿ ಪಾಳಿಯಲ್ಲಿ ಶುರುವಾಗುತ್ತದೆ, ಅದನ್ನು ಮೊದಲ ದಿನವೇ ನಿಲ್ಲಿಸಬೇಕು.

ಕಟ್ಟಡ ಏಳುತ್ತಿದ್ದಾಗಲೇ ಸಾರ್ವಜನಿಕ ಆರೋಗ್ಯದ ಮೊದಲ ಪಾಠ ಸಿಕ್ಕಿತು. ಲಾರ್ವಾ ಸಮೀಕ್ಷೆಗೆ ಬಂದಿದ್ದ ಆರೋಗ್ಯ ನಿರೀಕ್ಷಣಾಧಿಕಾರಿ ಹೊಸ ಬ್ಲಾಕಿನ ಲಿಫ್ಟ್ ಗುಂಡಿಗೆ ಟಾರ್ಚಿನ ಬೆಳಕು ಬಿಟ್ಟು ನಿಂತರು. ಬೂದು ಬಣ್ಣದ ನೀರಿನ ಮೇಲೆ ಸಿಮೆಂಟಿನ ಕೆನೆ. ಅದರ ಕೆಳಗೆ ತಲೆ ಕೆಳಗಾಗಿ, ಓರೆಯಾಗಿ ನೇತಾಡುವ ಸಣ್ಣ ಸಣ್ಣ ಹುಳುಗಳು. ಟಾರ್ಚು ಅಲುಗಾಡಿಸಿದರೆ ಎಲ್ಲವೂ ಒಟ್ಟಿಗೆ ಮಿಣಮಿಣ ಎಂದು ತಳಕ್ಕಿಳಿದು, ಅರೆ ನಿಮಿಷಕ್ಕೆ ಉಸಿರಾಡಲು ಮತ್ತೆ ಮೇಲೆ ಬರುತ್ತಿದ್ದವು. ಮಲೇರಿಯಾ ಹರಡುವ ಅನಾಫಿಲಿಸ್ ಆಗಿದ್ದರೆ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತಿತ್ತು, ಇವು ಡೆಂಗ್ಯೂ ಹರಡುವ ಈಡಿಸ್. ‘ಊರೆಲ್ಲ ಸುತ್ತೋ ಮೊದ್ಲು ಇಲ್ಲಿಂದ್ಲೇ ಶುರು ಮಾಡೋಣ್ವಾ ಸಾರ್?’ ಎಂದರು. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ.

ತೊಂದರೆಯ ಮೂಲ ಕ್ಯೂರಿಂಗ್. ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬಿಸಿಲು ಜೋರಿದ್ದರೆ 10 ದಿನ ಒದ್ದೆಯಾಗಿಡಬೇಕು. ಈಡಿಸ್ ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಬೇಕಾಗುವುದೂ ಸರಿಸುಮಾರು ಅಷ್ಟೇ ದಿನ. ಸ್ಲ್ಯಾಬಿನ ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಬದಲು ಗೋಣಿಚೀಲ ಹಾಸಿ ದಿನಕ್ಕೆ ಮೂರು ಸಲ ನೆನೆಸಿದರೆ ಎರಡೂ ಕೆಲಸ ಆಗುತ್ತದೆ. ನೀರು ನಿಲ್ಲಿಸಲೇಬೇಕೆಂದರೆ ಐದನೇ ದಿನ ಪೂರ್ತಿ ಹರಿಯಬಿಟ್ಟು ಹೊಸದಾಗಿ ತುಂಬಬೇಕು. ಲಿಫ್ಟ್ ಗುಂಡಿಗೆ ಒಂದು ಸಣ್ಣ ಪಂಪು, ವಾರಕ್ಕೊಂದು ದಿನ, ಅಷ್ಟೇ. ಇದನ್ನು ಗುತ್ತಿಗೆದಾರರ ಒಪ್ಪಂದದಲ್ಲಿ ಒಂದು ಸಾಲಾಗಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದರೆ ಮೇಸ್ತ್ರಿ ಬದಲಾದ ದಿನ ಮರೆತುಹೋಗುತ್ತದೆ.

ಕಿಟಕಿಯ ವಿಷಯದಲ್ಲೂ ನಕ್ಷೆ ಹಂತದಲ್ಲೇ ಜಗಳವಾಡಬೇಕು. ವಾಸ್ತುಶಿಲ್ಪಿಗಳಿಗೆ ಗಾಜು ಮುಚ್ಚಿದ ಎಸಿ ಓಪಿ ಹಾಲ್ ಅಂದವಾಗಿ ಕಾಣುತ್ತದೆ. ಕೆಮ್ಮುವವರು ಕೂರುವ ಜಾಗಕ್ಕೆ ಅದು ಬೇಡವೇ ಬೇಡ. ತೆರೆಯುವ ಕಿಟಕಿಯ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ. 20ರಷ್ಟಾದರೂ ಇರಬೇಕು, ಎದುರುಬದುರು ಗೋಡೆಯಲ್ಲಿರಬೇಕು ಎಂಬುದು ಗಾಳಿಯಿಂದ ಹರಡುವ ಸೋಂಕು ತಡೆಯುವ ನಿಯಮ. ನೂರು ಚದರಡಿ ಕೋಣೆಗೆ ಇಪ್ಪತ್ತು ಚದರಡಿ. ನಾಲ್ಕಡಿ ಐದಡಿಯ ಕಿಟಕಿ ಹಾಕಿ ಲೆಕ್ಕ ಸರಿಹೋಯಿತು ಎಂದುಕೊಂಡಿದ್ದೆವು. ಆದರೆ ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಯಾವತ್ತೂ ತೆರೆಯುವುದು ಅರ್ಧವೇ, ಕೈಗೆ ಸಿಕ್ಕಿದ್ದು ಹತ್ತೇ ಚದರಡಿ. ಕೊನೆಗೆ ಹಳೆಯ ಜಗಲಿಯನ್ನೇ ಉಳಿಸಿಕೊಂಡು, ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದವರನ್ನು ಕೌಂಟರಿನಲ್ಲೇ ಕೇಳಿ, ಮಾಸ್ಕ್ ಕೊಟ್ಟು, ಅಲ್ಲಿ ಕೂರಿಸಿ, ಸರದಿ ಮುರಿದು ಮೊದಲು ಒಳಗೆ ಕರೆಯುವ ಏರ್ಪಾಡು ಮಾಡಲಾಯಿತು. ಸರದಿ ಮುರಿಯುವುದಕ್ಕೆ ಉಳಿದವರು ಗೊಣಗುತ್ತಾರೆ. ‘ಬೇಗ ನೋಡಿ ಕಳಿಸಿದರೆ ನಿಮಗೇ ಒಳ್ಳೇದು’ ಎಂದು ಒಮ್ಮೆ ಹೇಳಿದರೆ ಸುಮ್ಮನಾಗುತ್ತಾರೆ.

ಸರ್ಕಾರದ ಜೊತೆ ಕೈಜೋಡಿಸುವುದು ಎಂದರೆ ಹಲವರಿಗೆ ನೆನಪಾಗುವುದು ಯಳಂದೂರು ತಾಲ್ಲೂಕಿನ ಗುಂಬಳ್ಳಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ನಡೆಸಲು ವಹಿಸಿಕೊಂಡಿತು, ಅದೊಂದು ಮಾದರಿ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಸಣ್ಣ ಸಂಗತಿ. ಯಾರೂ ಯಾರ ಕಟ್ಟಡವನ್ನೂ ವಹಿಸಿಕೊಳ್ಳುವುದಿಲ್ಲ. ಆಸ್ಪತ್ರೆಗೆ ರೋಗಿ ತಾನಾಗಿ ಬರುತ್ತಾನೆ, ರೋಗಿಯ ಮನೆಗೆ ಹೋಗುವ ಕಾಲು ಇಲಾಖೆಗಿದೆ. ಮಧ್ಯೆ ಓಡಾಡಬೇಕಾದದ್ದು ಒಂದು ಹಾಳೆ. ಈ ಹಾಳೆ ಸರಿಯಾಗಿ ಓಡಾಡಲು ಬೇಕಾದ್ದು ದೊಡ್ಡ ಒಡಂಬಡಿಕೆಯಲ್ಲ, ಎರಡೂ ಕಡೆ ಹೆಸರು ಹಿಡಿದು ಗೊತ್ತುಮಾಡಿದ ಒಬ್ಬೊಬ್ಬ ಜವಾಬ್ದಾರಿಯ ಮನುಷ್ಯ. ನಾವು ವೈದ್ಯರನ್ನು ನೇಮಿಸಿ ತಪ್ಪು ಮಾಡಿದೆವು. ವೈದ್ಯರಿಗೆ ರೌಂಡ್ಸು, ಓಪಿ, ರಾತ್ರಿ ಕರೆ. ಮಧ್ಯಾಹ್ನ ಎರಡಕ್ಕೆ ಪಟ್ಟಿ ಕಳಿಸುವುದು ಅವರಿಂದ ಆಗದು. ಲ್ಯಾಬ್ ಟೆಕ್ನೀಷಿಯನ್ ಮತ್ತು ದಾಖಲೆ ವಿಭಾಗದ ಗುಮಾಸ್ತರಿಗೆ ಒಪ್ಪಿಸಿದ ಮೇಲೆ ಕೆಲಸ ನಿಂತಿದ್ದಿಲ್ಲ. ಅವರು ರಜೆ ಹಾಕಿದ ದಿನ ಯಾರು ಎಂಬುದೂ ಗೋಡೆಯ ಮೇಲೆ ಬರೆದಿರಬೇಕು.

ಈಗ ಡೆಂಗ್ಯೂ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ, ವರದಿ ಮಾಡುವುದು ಇಷ್ಟಾನಿಷ್ಟದ ಮಾತಲ್ಲ. ಜ್ವರ ಶುರುವಾಗಿ ಐದು ದಿನದೊಳಗೆ ಬಂದವರಿಗೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1, ಐದು ದಿನ ದಾಟಿದವರಿಗೆ ದೇಹ ಹುಟ್ಟಿಸಿದ ಪ್ರತಿಕಾಯ ಹುಡುಕುವ ಐಜಿಎಂ, ಎರಡೂ ಪ್ರಯೋಗಾಲಯದ ಎಲೈಸಾ ವಿಧಾನದಲ್ಲಿ. ಕಾರ್ಡ್ ಟೆಸ್ಟು ಹಾಸಿಗೆ ಪಕ್ಕದಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೆ ಉತ್ತರ ಕೊಡುತ್ತದೆ, ಆದರೆ ಇಲಾಖೆಯ ಲೆಕ್ಕದಲ್ಲಿ ಅದು ‘ಸಂಭವನೀಯ’ ಮಾತ್ರ, ‘ದೃಢ’ ಅಲ್ಲ. ಆಸ್ಪತ್ರೆಯ ಲೆಕ್ಕಕ್ಕೂ ಇಲಾಖೆಯ ಲೆಕ್ಕಕ್ಕೂ ತಾಳೆಯಾಗದೆ ಪತ್ರಿಕೆಯಲ್ಲಿ ‘ಸಂಖ್ಯೆ ಮುಚ್ಚಿಡುತ್ತಿದ್ದಾರೆ’ ಎಂದು ಬರುವುದರ ಹಿಂದೆ ಹಲವು ಸಲ ಇರುವುದು ಇಷ್ಟೇ.

ಎಲೈಸಾ ತಟ್ಟೆಯಲ್ಲಿ 96 ಕುಳಿ. ಮೂರು ಮಾದರಿಗೆಂದು ಯಾವ ಪ್ರಯೋಗಾಲಯವೂ ತಟ್ಟೆ ಹೂಡುವುದಿಲ್ಲ, ಒಂದಷ್ಟು ಸೇರಲಿ ಎಂದು ಕಾಯುತ್ತದೆ. ದಿನ ಎಣಿಸಿ ನೋಡಿ. ರೋಗಿ ಜ್ವರದ ಮೂರನೇ ದಿನ ಆಸ್ಪತ್ರೆಗೆ ಬಂದ. ಮಾದರಿ ಜಿಲ್ಲಾ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರುವಾಗ ಏಳನೇ ದಿನ. ಆಮೇಲೆ ಪಟ್ಟಿ ಹೋಗಿ, ಆಶಾ ಕಾರ್ಯಕರ್ತೆ ಮನೆ ತಲುಪುವಾಗ ಒಂಬತ್ತು. ಜ್ವರ ಬರುವ ಒಂದೆರಡು ದಿನ ಮೊದಲಿಂದ ಐದಾರು ದಿನದವರೆಗೆ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಎಂಟರಿಂದ ಹನ್ನೆರಡು ದಿನಕ್ಕೆ ಬೇರೆಯವರಿಗೆ ದಾಟಿಸಲು ಸಿದ್ಧವಾಗುತ್ತದೆ. ಒಂಬತ್ತನೇ ದಿನ ಮನೆಯ ಡ್ರಮ್ಮು ಖಾಲಿ ಮಾಡಿಸಿದರೆ ರೈಲು ಹೋದ ಮೇಲೆ ಟಿಕೆಟ್ ತೆಗೆದಂತೆ. ಅದಕ್ಕೇ ಫಲಿತಾಂಶಕ್ಕೆ ಕಾಯದೆ, ಶಂಕಿತರ ಪಟ್ಟಿಯನ್ನೇ ಅಂದಂದು ಮಧ್ಯಾಹ್ನ ಎರಡಕ್ಕೆ ಕಳಿಸುವುದೆಂದು ನಿಶ್ಚಯವಾಯಿತು. ರೋಗ ವರದಿಗೆಂದಿರುವ ಸರ್ಕಾರದ ಐಎಚ್‌ಐಪಿ ಪೋರ್ಟಲ್‌ನಲ್ಲಿ ವೈದ್ಯರ ಪಿ ಫಾರಂ, ಪ್ರಯೋಗಾಲಯದ ಎಲ್ ಫಾರಂ ತುಂಬುವುದು ಹೇಗೂ ಇದ್ದೇ ಇದೆ. ಆದರೆ ಸಂಜೆಯೊಳಗೆ ಕಾಲು ಓಡಬೇಕಾದರೆ ನೇರವಾಗಿ ತಾಲ್ಲೂಕು ಕಚೇರಿಗೆ ಹೋಗುವ ಈ ಪಟ್ಟಿಯೇ ಬೇಕು.

ಪಟ್ಟಿಯಲ್ಲಿ ಕೊನೆಗೆ ಉಳಿದ ಖಾನೆಗಳು ಹೀಗಿವೆ: ಹೆಸರು, ವಯಸ್ಸು, ಮೊಬೈಲ್, ಗ್ರಾಮ ಅಥವಾ ವಾರ್ಡ್ ಸಂಖ್ಯೆ, ಮನೆಗೆ ಗುರುತು, ಆ ಭಾಗದ ಆಶಾ ಕಾರ್ಯಕರ್ತೆಯ ಹೆಸರು, ಜ್ವರ ಶುರುವಾದ ತಾರೀಖು, ಮತ್ತು ಕಳೆದ ಎರಡು ವಾರ ರಾತ್ರಿ ಮಲಗಿದ್ದು ಎಲ್ಲಿ. ಕೊನೆಯದು ಕೇಳಲು ವಿಚಿತ್ರವೆನಿಸಬಹುದು. ಆಧಾರ್ ಕಾರ್ಡಿನಲ್ಲಿ ಹಳ್ಳಿಯ ವಿಳಾಸವಿರುತ್ತದೆ, ಹುಡುಗ ಓದುತ್ತಿರುವುದು ಪಟ್ಟಣದ ಹಾಸ್ಟೆಲಿನಲ್ಲಿ. ಆಧಾರ್ ನೋಡಿ ವಿಳಾಸ ಬರೆದುಕೊಂಡರೆ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಡ್ರಮ್ಮು ಬಗ್ಗಿಸುತ್ತಾರೆ, ಹಾಸ್ಟೆಲಿನ ಮೇಲಿನ ಮುಚ್ಚಳವಿಲ್ಲದ ಟ್ಯಾಂಕು ಹಾಗೇ ಇರುತ್ತದೆ. ಆಶಾ ಕಾರ್ಯಕರ್ತೆಯ ಹೆಸರಂತೂ ವಿಳಾಸಕ್ಕಿಂತ ಮೇಲು. ಗರ್ಭಿಣಿ ಅಥವಾ ಸಣ್ಣ ಮಗುವಿರುವ ಮನೆಯ ಹೆಂಗಸರಿಗೆ ಅದು ಬಾಯಲ್ಲೇ ಇರುತ್ತದೆ.

ಜ್ವರ ಶುರುವಾದ ದಿನವನ್ನು ‘ಮೂರು ದಿನದಿಂದ’ ಎಂದು ಬರೆಯಬಾರದು, ತಾರೀಖನ್ನೇ ಬರೆಯಬೇಕು. ಚೀಟಿ ನಾಲ್ಕು ಕೈ ದಾಟುವಾಗ ಯಾವ ದಿನದಿಂದ ಮೂರು ದಿನ ಎಂಬುದು ಕಳೆದುಹೋಗಿ, ಎನ್‌ಎಸ್1 ಮಾಡಬೇಕಾದ ಮಾದರಿಗೆ ಐಜಿಎಂ ಮಾಡಿ ‘ನೆಗೆಟಿವ್’ ಬರುತ್ತದೆ. ಹಳ್ಳಿಯವರಿಗೆ ತಾರೀಖು ನೆನಪಿರದಿದ್ದರೆ ಸಂತೆಯ ದಿನವೋ, ಅದರ ಮಾರನೇ ದಿನವೋ ಎಂದು ಕೇಳಿದರೆ ಸಿಗುತ್ತದೆ. ಮಾದರಿಯ ಪೆಟ್ಟಿಗೆಯಲ್ಲಿ ರಕ್ತದ ಟ್ಯೂಬನ್ನು ನೇರವಾಗಿ ಮಂಜುಗಡ್ಡೆಗೆ ಒತ್ತಿ ಇಟ್ಟರೆ ಕೆಂಪು ಕಣ ಒಡೆದು ಸೀರಂ ಕೆಂಪಾಗುತ್ತದೆ, ಪ್ರಯೋಗಾಲಯದವರು ತಿರಸ್ಕರಿಸುತ್ತಾರೆ. ಸೀರಂ ಬೇರ್ಪಡಿಸಿಯೇ ಕಳಿಸುವುದು ಕ್ಷೇಮ. ವಾರ್ಡಿನಲ್ಲಿ ಡೆಂಗ್ಯೂ ರೋಗಿಗೆ ಹಗಲಲ್ಲೂ ಸೊಳ್ಳೆಪರದೆ ಕಟ್ಟಬೇಕು. ಈಡಿಸ್ ಕಚ್ಚುವುದು ಹಗಲಲ್ಲಿ. ರಾತ್ರಿ ಕಟ್ಟಿ ಬೆಳಗ್ಗೆ ಬಿಚ್ಚಿಡುವ ಆಯಾಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ವಾಂತಿಭೇದಿಯದ್ದು ಚಿಕ್ಕ ಮಾತು. ಒಂದೇ ಬೀದಿಯಿಂದ ಒಂದೇ ದಿನ ಮೂರು ಜನ ಬಂದರೆ ಪಟ್ಟಿಗೆ ಕಾಯದೆ ಫೋನು ಮಾಡಬೇಕು. ಮಲದ ಮಾದರಿಯನ್ನು ಮೊದಲ ಆ್ಯಂಟಿಬಯಾಟಿಕ್‌ಗೆ ಮುಂಚೆ ತೆಗೆದು ರೋಗಾಣು ದಾರಿಯಲ್ಲಿ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಹಾಕಬೇಕು. ಕ್ಯಾಶುವಾಲ್ಟಿಯಲ್ಲಿ ಡ್ರಿಪ್ಪು, ಇಂಜೆಕ್ಷನ್ ಎಲ್ಲ ಮುಗಿದು ಮರುದಿನ ಕಳಿಸಿದ ಮಾದರಿಯಲ್ಲಿ ಕಾಲರಾ ಬೆಳೆಯಲಿಲ್ಲ ಎಂದರೆ ಅದು ಕಾಲರಾ ಅಲ್ಲ ಎಂದಲ್ಲ. ಕ್ಯಾರಿ-ಬ್ಲೇರ್ ಟ್ಯೂಬುಗಳು ಲ್ಯಾಬಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ರಾತ್ರಿ ಹತ್ತಕ್ಕೆ ಯಾರಿಗೂ ಸಿಗವು. ಕ್ಯಾಶುವಾಲ್ಟಿಯ ಟ್ರೇಯಲ್ಲೇ ನಾಲ್ಕು ಇರಲಿ.

ಕ್ಷಯದ ಕೆಲಸ ಬೇರೆಯೇ ಜಾತಿಯದು, ಅದು ದಿನದ್ದಲ್ಲ, ಆರು ತಿಂಗಳದ್ದು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಕೆಮ್ಮಿಗೆಂದು ಆಗಲೇ ಯಾವುದೋ ಚಿಕಿತ್ಸೆ ಹುಡುಕಿ ಹೋಗಿಬಂದಿದ್ದರು ಎಂದು ತಿಳಿಯಿತು. ರೋಗಿ ಬಾಗಿಲಿಗೆ ಬಂದಿದ್ದ, ಕೆಮ್ಮಿನ ಸಿರಪ್ಪು ತೆಗೆದುಕೊಂಡು ಹೋಗಿದ್ದ. ಅರುವತ್ತು ವರ್ಷದ ಹಿಂದಿನ ಈ ಮಾತು ಇವತ್ತಿನ ಯಾವುದೇ ಓಪಿ ರಿಜಿಸ್ಟರ್ ತಿರುವಿದರೂ ಹೊಸದಾಗಿಯೇ ಕಾಣುತ್ತದೆ.

ಕಫದ ಡಬ್ಬಿ ಕೊಡುವಾಗ ‘ಉಗುಳಿ ಕೊಡಿ’ ಎಂದರೆ ಎಂಜಲು ಬರುತ್ತದೆ. ಬಾಯಿ ಮುಕ್ಕಳಿಸಿ, ಎರಡು ಸಲ ಆಳವಾಗಿ ಉಸಿರೆಳೆದು ಬಿಟ್ಟು, ಮೂರನೇ ಸಲ ಎದೆಯಾಳದಿಂದ ಕೆಮ್ಮಿ ತೆಗೆದದ್ದು 2ರಿಂದ 5 ಮಿಲಿಲೀಟರ್ ಬೇಕು. ಜಾಗ ಬಯಲಾಗಿರಬೇಕು, ಶೌಚಾಲಯದಲ್ಲಿ ಖಂಡಿತ ಅಲ್ಲ. ಟ್ಯೂಬಿನ ಮುಚ್ಚಳ ಬಿಗಿದು, ಪ್ಯಾರಾಫಿಲ್ಮ್ ಸುತ್ತಿ, ಹತ್ತಿಯ ಜೊತೆ ಜಿಪ್ ಚೀಲಕ್ಕೆ ಹಾಕಿ, ತಣ್ಣನೆಯ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಳಿಸಬೇಕು. ಮಲಗಿಸಿ ಇಟ್ಟ ಟ್ಯೂಬು ಗುಂಡಿಬಿದ್ದ ರಸ್ತೆಯಲ್ಲಿ ಸೋರಿಯೇ ಸೋರುತ್ತದೆ. ಕೋರಿಕೆ ಪತ್ರವನ್ನು ಅದೇ ಚೀಲದೊಳಗೆ ತುರುಕಿದ್ದರೆ ಹೆಸರೂ ಹೋಯಿತು, ಮಾದರಿಯೂ ಹೋಯಿತು. ಪತ್ರಕ್ಕೆ ಬೇರೆ ಚೀಲ. ಕ್ಷಯ ಪತ್ತೆ ಮಾಡುವ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರ ರೋಗಾಣುವಿನ ಜೊತೆಗೆ ಕ್ಷಯದ ಮುಖ್ಯ ಮದ್ದಾದ ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಯಂತ್ರಕ್ಕೆ ಬೇಕಾಗುವುದು ಒಂದೆರಡು ಗಂಟೆ, ಪೆಟ್ಟಿಗೆ ದಾರಿಯಲ್ಲಿ ಕಳೆಯುವುದು ಒಂದೆರಡು ದಿನ.

ಕ್ಷಯ ಪತ್ತೆಯಾದರೆ ತಿಳಿಸುವುದು 2012ರ ಮೇ 7ರ ಆದೇಶದಿಂದ ಕಡ್ಡಾಯ, ತಿಳಿಸುವ ಜಾಗ ಸರ್ಕಾರದ ನಿಕ್ಷಯ್ ಪೋರ್ಟಲ್. ಇಲ್ಲಿ ಆಗುವ ಎಡವಟ್ಟು: ಆಸ್ಪತ್ರೆಯಲ್ಲಿ ಒಂದು ನಿಕ್ಷಯ್ ಐಡಿ ಮಾಡಿ ‘ಊರಿನ ಹತ್ತಿರದ ಪಿಎಚ್‌ಸಿಗೆ ಹೋಗಿ ಮಾತ್ರೆ ತಗೊಳ್ಳಿ’ ಎಂದು ಕಳಿಸುತ್ತೇವೆ. ಅಲ್ಲಿ ಚೀಟಿ ತೋರಿಸದೆ ಹೊಸ ಐಡಿ ಮಾಡಿಸುತ್ತಾರೆ. ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ, ಅವರಲ್ಲಿ ಒಬ್ಬ ‘ಚಿಕಿತ್ಸೆ ಬಿಟ್ಟವನು’ ಎಂದು ದಾಖಲಾಗುತ್ತಾನೆ. ಇನ್ನೂ ಕೆಟ್ಟದ್ದೆಂದರೆ ಎರಡೂ ಕಡೆ ಹೋಗದೆ ನಿಜವಾಗಿಯೇ ಕಳೆದುಹೋಗುವುದು. ಪೋರ್ಟಲಿನಲ್ಲೇ ವರ್ಗಾವಣೆ ಮಾಡಿ, ಇಲಾಖೆಯ ಹಿರಿಯ ಚಿಕಿತ್ಸಾ ಮೇಲ್ವಿಚಾರಕರಿಗೆ ರೋಗಿ ಎದುರಿಗಿರುವಾಗಲೇ ಫೋನು ಮಾಡಿ, ಫೋನನ್ನು ರೋಗಿಯ ಕೈಗೇ ಕೊಟ್ಟು ಮಾತಾಡಿಸುವುದು ನಾವು ಕಂಡ ಒಳ್ಳೆಯ ಮದ್ದು. ಎರಡು ನಿಮಿಷದ ಕೆಲಸ. ಮೊದಲ ವಾರದ ಮಾತ್ರೆಯನ್ನೂ ಆಸ್ಪತ್ರೆಯಲ್ಲೇ ಕೊಟ್ಟು ಕಳಿಸಬೇಕು. ಅದಕ್ಕೆ ಇಲಾಖೆಯ ಔಷಧಿಯ ಸ್ವಲ್ಪ ದಾಸ್ತಾನು ಆಸ್ಪತ್ರೆಯಲ್ಲಿ ಇಡಿಸಿಕೊಳ್ಳಬಹುದು.

ಮಾತ್ರೆ ತೂಕದ ಮೇಲೆ. ವಯಸ್ಕರಿಗೆ ನಾಲ್ಕು ಔಷಧಿ ಸೇರಿದ ಮಾತ್ರೆ 25ರಿಂದ 34 ಕೆಜಿಗೆ ದಿನಕ್ಕೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4, 65ರಿಂದ 75ಕ್ಕೆ 5. ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ತೂಕವನ್ನು ಕೇಳಿ ಬರೆಯಬಾರದು, ತೂಗಿಯೇ ಬರೆಯಬೇಕು. ‘ಐವತ್ತು ಇರಬಹುದು’ ಎನ್ನುವ ಗಂಡಸು ಆರು ತಿಂಗಳಿಂದ ಸೊರಗಿ ನಲವತ್ತೆರಡಾಗಿರುತ್ತಾನೆ. ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಎಲ್ಲರಿಗೂ. ಪೌಷ್ಟಿಕ ಆಹಾರಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ ₹500 ಇದ್ದದ್ದು 2024ರ ನವೆಂಬರ್‌ನಿಂದ ₹1,000 ಆಗಿದೆ, ಖಾತೆಗೆ ನೇರ ಜಮೆ. ಪಾಸ್‌ಬುಕ್ಕಿನ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ಹಿಂದೆಮುಂದೆ ಇದ್ದರೆ ಜಮೆ ನಿಲ್ಲುತ್ತದೆ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಮೊದಲ ದಿನವೇ ತೆಗೆದುಕೊಂಡರೆ ಆ ಅಲೆದಾಟ ತಪ್ಪುತ್ತದೆ.

ಹೆರಿಗೆ ವಾರ್ಡು ಶುರುವಾದ ಮೇಲೆ ಲಸಿಕೆಯ ಪಾಲುದಾರಿಕೆ ಬಂತು. ಹುಟ್ಟಿದ ಮಗುವಿಗೆ ಬಿಸಿಜಿ, ಪೋಲಿಯೊ ಸೊನ್ನೆ ಡೋಸು, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಲಸಿಕೆ ಇಲಾಖೆಯದು, ಚುಚ್ಚುವ ಕೈ ಆಸ್ಪತ್ರೆಯದು. ಮೊದಲು ಗುರುವಾರದ ಲಸಿಕೆ ದಿನಕ್ಕೆ ಪಿಎಚ್‌ಸಿಯಿಂದ ಲಸಿಕೆಯ ತಂಪು ಪೆಟ್ಟಿಗೆ (ಕ್ಯಾರಿಯರ್) ತರಿಸಿಕೊಳ್ಳುತ್ತಿದ್ದೆವು. ಶುಕ್ರವಾರ ಹುಟ್ಟಿದ ಮಗು ಮುಂದಿನ ಗುರುವಾರಕ್ಕೆ ಕಾಯದೆ ಮನೆಗೆ ಹೋಗುತ್ತಿತ್ತು, ಹೆಪಟೈಟಿಸ್ ಬಿ ಹುಟ್ಟು ಡೋಸಿನ 24 ಗಂಟೆ ಮುಗಿದುಹೋಗುತ್ತಿತ್ತು. ಲಸಿಕೆ ಇಡುವ ಫ್ರಿಜ್ಜು, ಅಂದರೆ ಐಎಲ್ಆರ್, ಬಂದ ಮೇಲೆ ಇದು ಸರಿಹೋಯಿತು, ಬೇರೆ ತೊಂದರೆಗಳು ಶುರುವಾದವು.

ಐಎಲ್ಆರ್‌ನ ಒಳಗೆ 2ರಿಂದ 8 ಡಿಗ್ರಿ. ಎಲ್ಲರೂ ಹೆದರುವುದು ಬಿಸಿಗೆ, ಹೆಪಟೈಟಿಸ್ ಬಿ ಹಾಳಾಗುವುದು ಚಳಿಗೆ. ಅದು ಸುಮಾರು ಮೈನಸ್ ಅರ್ಧ ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರುತ್ತದೆ, ಶಕ್ತಿ ಇರುವುದಿಲ್ಲ. ಅನುಮಾನ ಬಂದರೆ ಅಲುಗಾಡಿಸಿ ನೋಡುವ ಪರೀಕ್ಷೆಯಿದೆ. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಬಾಟಲಿಯನ್ನೂ ಅನುಮಾನದ ಬಾಟಲಿಯನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಟ್ಟರೆ, ಹೆಪ್ಪುಗಟ್ಟಿದ್ದರಲ್ಲಿ ಚೂರುಗಳು ಬೇಗ ತಳಕ್ಕಿಳಿದು ಮೇಲೆ ತಿಳಿಯಾಗುತ್ತದೆ. ಎರಡೂ ಒಂದೇ ವೇಗದಲ್ಲಿ ಇಳಿದರೆ ಅನುಮಾನದ್ದನ್ನು ಎಸೆಯಬೇಕು. ಐಎಲ್ಆರ್‌ನ ತಳವೇ ಹೆಚ್ಚು ತಣ್ಣಗಿರುವುದರಿಂದ ಹೆಪಟೈಟಿಸ್ ಬಿ ಬುಟ್ಟಿಯಲ್ಲಿ ಮೇಲೆ, ಪೋಲಿಯೊ, ಬಿಸಿಜಿ ಕೆಳಗೆ. ಕರೆಂಟು ಹೋದರೆ ಮುಚ್ಚಳ ತೆಗೆದು ‘ತಣ್ಣಗಿದೆಯಾ’ ಎಂದು ಕೈಯಿಟ್ಟು ನೋಡುವುದೇ ಅದನ್ನು ಬಿಸಿ ಮಾಡುವ ದಾರಿ.

ದಿನಕ್ಕೆರಡು ಸಲ ತಾಪಮಾನ ಬರೆಯುವ ಹಾಳೆಯನ್ನು ಯಾರಾದರೂ ಒಮ್ಮೆ ಹತ್ತಿರದಿಂದ ನೋಡಬೇಕು. ತಿಂಗಳಿಡೀ ಬೆಳಗ್ಗೆ 4, ಸಂಜೆ 4, ಒಂದೇ ಶಾಯಿ, ಒಂದೇ ಓರೆ. ಭಾನುವಾರವೂ 4. ಅಂಥ ಹಾಳೆ ತಿಂಗಳ ಕೊನೆಯ ದಿನ ಒಂದೇ ಸಲ ಕೂತು ತುಂಬಿದ್ದು. ನಿಜವಾದ ಹಾಳೆಯಲ್ಲಿ 3, 5, 4, ಮಳೆಗಾಲದ ಒಂದು ದಿನ 7 ಇರುತ್ತದೆ, ಎರಡು ಮೂರು ಕೈಬರಹ ಇರುತ್ತದೆ.

ಬಿಸಿಜಿಯ ತಾಪತ್ರಯ ಬೇರೆ. ಬಾಟಲಿ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಹೆಪಟೈಟಿಸ್ ಬಿಯಂತೆ ಅದನ್ನು 28 ದಿನ ಇಟ್ಟುಕೊಳ್ಳುವಂತಿಲ್ಲ. ಒಂದೇ ಮಗುವಿಗೆ ಬಾಟಲಿ ಒಡೆಯಲು ಸಿಸ್ಟರ್‌ಗಳ ಕೈ ಬರುವುದಿಲ್ಲ. ‘ನಾಳೆ ಇನ್ನೆರಡು ಹೆರಿಗೆ ಇದೆ, ಸೇರಿಸಿ ಕೊಡೋಣ’ ಎನ್ನುವಷ್ಟರಲ್ಲಿ ಮೊದಲ ಮಗು ಡಿಸ್ಚಾರ್ಜು. ಲಸಿಕೆ ಪೋಲಾದ ಲೆಕ್ಕ ಕೇಳುವವರೂ ಇಲಾಖೆಯವರೇ, ಬಿಟ್ಟುಹೋದ ಮಗುವಿನ ಲೆಕ್ಕ ಕೇಳುವವರೂ ಅವರೇ. ಕೊನೆಗೆ ಎರಡೂ ಕಡೆಯವರು ಕೂತು, ಪ್ರತಿದಿನ ಬೆಳಗ್ಗೆ ಹನ್ನೊಂದಕ್ಕೆ ಒಂದು ಬಾಟಲಿ ಒಡೆಯುವುದು, ಎಷ್ಟು ಮಕ್ಕಳಿದ್ದರೂ ಸರಿ ಎಂದು ಬರೆದು ಸಹಿ ಹಾಕಿಕೊಂಡ ಮೇಲೆ ಸಿಸ್ಟರ್‌ಗಳಿಗೆ ಧೈರ್ಯ ಬಂತು.

ಸಾವಿನ ಪ್ರಮಾಣಪತ್ರಕ್ಕೂ ಈ ನಂಟಿಗೂ ಸಂಬಂಧವಿದೆ. ಆಸ್ಪತ್ರೆಯಲ್ಲಿ ಆದ ಸಾವಿನ ಕಾರಣ ಬರೆಯುವುದು ನಮೂನೆ 4ರಲ್ಲಿ. (ತ್ಯಾಜ್ಯದ ವಾರ್ಷಿಕ ವರದಿಯೂ ನಮೂನೆ 4. ಫೈಲು ಹುಡುಕುವಾಗ ಆಗುವ ಗೊಂದಲ ಕೇಳಬೇಡಿ.) ಅದರಲ್ಲಿ ‘ಹೃದಯ ಸ್ತಂಭನ’ ಎಂದು ಬರೆದರೆ ಏನೂ ಬರೆಯದಂತೆಯೇ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಮೊದಲ ಸಾಲಿನಲ್ಲಿ ಉಸಿರಾಟ ವೈಫಲ್ಯ, ಅದರ ಕೆಳಗೆ ಅದಕ್ಕೆ ಕಾರಣವಾದ, ಕೆಮ್ಮಿನಲ್ಲಿ ರಕ್ತ ಬಂದದ್ದು, ಅದರ ಕೆಳಗೆ ಮೂಲವಾದ ಶ್ವಾಸಕೋಶದ ಕ್ಷಯ ಎಂದು ಇಳಿಯುತ್ತ ಹೋದರೆ ಆ ಮನೆಯ ಉಳಿದವರನ್ನು ತಪಾಸಣೆ ಮಾಡಲು ಯಾರಾದರೂ ಹೋಗುತ್ತಾರೆ. ಹೆಂಗಸರಾದರೆ ಗರ್ಭಿಣಿಯಾಗಿದ್ದರೇ, ಹೆರಿಗೆಯಾಗಿತ್ತೇ ಎಂಬ ಪ್ರಶ್ನೆ ಕೆಳಗಿದೆ. ರಾತ್ರಿ ಪಾಳಿಯ ವೈದ್ಯರು ಅದನ್ನು ಖಾಲಿ ಬಿಡುತ್ತಾರೆ, ತಾಯಿ ಮರಣವೊಂದು ಲೆಕ್ಕದಿಂದಲೇ ಜಾರಿಹೋಗುತ್ತದೆ.

ತಿಂಗಳಿಗೊಮ್ಮೆ ತಾಲ್ಲೂಕು ಕಚೇರಿಯಲ್ಲಿ ಒಂದು ಗಂಟೆ ಕೂರುತ್ತೇವೆ. ಇಲಾಖೆಯ ಪರಿಶೀಲನಾ ಸಭೆಗೆ ಎರಡು ದಿನ ಮುಂಚೆ ಇದನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಸಂಖ್ಯೆ ತಾಳೆಯಾಗದಿದ್ದರೆ ಸರಿಪಡಿಸಲು ಸಮಯ ಸಿಗುತ್ತದೆ. ತೆಗೆದುಕೊಂಡು ಹೋಗುವುದು ಲ್ಯಾಬ್ ರಿಜಿಸ್ಟರ್, ಹೆರಿಗೆ ರಿಜಿಸ್ಟರ್, ನಿಕ್ಷಯ್ ಪಟ್ಟಿಯ ಪ್ರತಿ. ಭಾಷಣವಿಲ್ಲ, ಪಿಪಿಟಿಯಿಲ್ಲ. ಹೋದ ತಿಂಗಳು ಕಳಿಸಿದ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಎದುರಿಗೆ ಕೂತವರು ಮನೆ ಸಿಕ್ಕಿತೋ ಇಲ್ಲವೋ ಹೇಳುತ್ತಾರೆ. ಕೆಂಪು ಪೆನ್ನು ಇನ್ನೂ ಇದೆ. ಈಗ ಅದರಲ್ಲಿ ಹೆಚ್ಚಾಗಿ ಬರುವುದು ‘ಫೋನ್ ಸ್ವಿಚ್ ಆಫ್’. ಅದಕ್ಕೆಂದು ಚೀಟಿಗೆ ಎರಡನೇ ನಂಬರಿನ ಖಾನೆ ಸೇರಿಸಿದ್ದೇವೆ, ಮನೆಯ ಬೇರೊಬ್ಬರದು. ಕೌಂಟರಿನಲ್ಲಿ ಸರದಿ ಉದ್ದವಾದ ದಿನ ಮೊದಲು ಖಾಲಿ ಬೀಳುವುದೂ ಅದೇ ಖಾನೆ.